ಮನೆ ಊರಾಚೆ ಇರಲಿ, ನೀವು ಊರೊಳಗೆ ನಡೆಯಿರಿ

ಹೋದ ಬೇಸಿಗೆಯಲ್ಲಿ ನಾನೂ ನಮ್ಮವರೂ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಮೋಟರ್‌ಹೋಮ್ (ಒಳಗೇ ಹಾಸಿಗೆ, ಒಲೆ, ಶೌಚಾಲಯ ಇರುವ ಗಾಡಿ) ಬಾಡಿಗೆಗೆ ಹಿಡಿದು ಆಸ್ಟ್ರಿಯಾದ ಸಾಲ್ಸ್‌ಬರ್ಗ್, ಇಟಲಿಯ ವೆನಿಸ್, ವೆರೋನಾ, ಮತ್ತೆ ಆಸ್ಟ್ರಿಯಾದ ಇನ್ಸ್‌ಬ್ರುಕ್ ಸುತ್ತಿ ಬಂದದ್ದನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚು ಜನ ಕೇಳಿದವಕ್ಕೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ನನಗೆ 63, ನನ್ನ ಹೆಂಡತಿಗೆ 58. ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಜೂನ್‌ನಲ್ಲಿ ಹೋಗುವವರಿದ್ದೇವೆ. ನೀವು ಹೋದ ದಾರಿಗೇ ಪ್ರಾಗ್, ವಿಯೆನ್ನಾ, ಫ್ಲಾರೆನ್ಸ್ ಸೇರಿಸಿ ಹನ್ನೆರಡು ದಿನದಲ್ಲಿ ಮುಗಿಸಬಹುದಾ? – ಜಯನಗರ, ಬೆಂಗಳೂರು

ಮುಗಿಸಬಹುದು ಸರ್. ಆದರೆ ಏನೂ ನೋಡಿದ ಹಾಗೆ ಆಗುವುದಿಲ್ಲ, ಬರೀ ಗಾಡಿ ಓಡಿಸಿದ ಹಾಗೆ ಆಗುತ್ತದೆ.

ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾಲ್ಸ್‌ಬರ್ಗ್‌ನಿಂದ ವೆನಿಸ್‌ಗೆ ಸುಮಾರು 430 ಕಿಲೋಮೀಟರ್. ಕಾರಿನಲ್ಲಿ ನಾಲ್ಕೂವರೆ ಗಂಟೆ ಅಂತ ಫೋನ್ ತೋರಿಸುತ್ತದೆ. ನಾವು ಒಂದೇ ದಿನದಲ್ಲಿ ಹೋದೆವು, ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ತಲುಪಿದೆವು. ಅದಲ್ಲದೆ ಹೊರಡುವ ಮುಂಚೆ ಪಾತ್ರೆಯೆಲ್ಲ ಒಳಗಿಟ್ಟು, ಗ್ಯಾಸ್ ಮುಚ್ಚಿ, ಕರೆಂಟ್ ವೈರ್ ಸುತ್ತಿ, ಕೊಳೆನೀರು ಖಾಲಿ ಮಾಡಿ, ಒಳ್ಳೆ ನೀರು ತುಂಬಿ, ಕಿಟಕಿ ಮತ್ತು ಛಾವಣಿಯ ಗಾಳಿಗಿಂಡಿ ಮುಚ್ಚಿದೆಯಾ ಅಂತ ನೋಡಿಕೊಂಡು ಹೊರಡುವುದಕ್ಕೇ ಒಂದು ಗಂಟೆ ಬೇಕು. ತಲುಪಿದ ಮೇಲೆ ಇದೆಲ್ಲ ಮತ್ತೆ ತಿರುಗಾ ಮುರುಗಾ. ಹಾಗಾಗಿ ದಿನಾ ಊರು ಬದಲಾಯಿಸಿದರೆ ಅರ್ಧ ರಜೆ ಇದರಲ್ಲೇ ಹೋಗುತ್ತದೆ.

ನಿಮಗೆ ನಾನು ಹೇಳುವ ಲೆಕ್ಕ ಇದು. ಮ್ಯೂನಿಕ್ ಎರಡು ರಾತ್ರಿ, ಸಾಲ್ಸ್‌ಬರ್ಗ್ ಎರಡು, ಆಸ್ಟ್ರಿಯಾದ ದಕ್ಷಿಣದಲ್ಲಿ ಫಿಲ್ಲಾಖ್ ಹತ್ತಿರದ ಯಾವುದಾದರೂ ಕೆರೆ ದಂಡೆಯಲ್ಲಿ ಒಂದು, ವೆನಿಸ್ ಮೂರು, ಗಾರ್ಡಾ ಸರೋವರ ಮೂರು (ವೆರೋನಾವನ್ನು ಅಲ್ಲಿಂದಲೇ ನೋಡಿ), ವಾಪಸ್ ಬರುವಾಗ ಇನ್ಸ್‌ಬ್ರುಕ್ ಒಂದು. ಹನ್ನೆರಡು ಆಯಿತು. ಪ್ರಾಗ್, ವಿಯೆನ್ನಾಗಳಿಗೆ ಮ್ಯೂನಿಕ್‌ನಿಂದ ನೇರ ರೈಲಿದೆ. ಮಗಳ ಜೊತೆ ಒಂದು ವಾರಾಂತ್ಯ ಹೋಗಿ ಬನ್ನಿ.

ಇಲ್ಲೊಂದು ವೀಸಾ ವಿಷಯ. ಷೆಂಗೆನ್ ವೀಸಾವನ್ನು (ಈ ಮೂರೂ ದೇಶಕ್ಕೆ ನಡೆಯುವ ಒಂದೇ ವೀಸಾ) ಹೆಚ್ಚು ದಿನ ಉಳಿಯುವ ದೇಶದಿಂದ ಪಡೆಯಬೇಕು. ಮೇಲಿನ ಲೆಕ್ಕದಲ್ಲಿ ಇಟಲಿಗೆ ಆರು ರಾತ್ರಿ, ಆಸ್ಟ್ರಿಯಾಕ್ಕೆ ನಾಲ್ಕು, ಜರ್ಮನಿಗೆ ಎರಡೇ. ಮಗಳ ಮನೆಯಲ್ಲಿ ಇನ್ನೂ ಒಂದೆರಡು ವಾರ ಇರುತ್ತೀರಿ ಅಂದರೆ ಜರ್ಮನಿಗೇ ಅರ್ಜಿ ಹಾಕಿ. ಬರೀ ಪ್ರವಾಸ ಮುಗಿಸಿ ಹೊರಡುವವರು ಇಟಲಿಗೆ ಹಾಕಬೇಕು. ವಿಮಾನ ಮ್ಯೂನಿಕ್‌ಗೆ ಇಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಜರ್ಮನಿಗೆ ಅರ್ಜಿ ಹಾಕಬೇಡಿ. ವಸತಿಯ ದಾಖಲೆ ಕೇಳುತ್ತಾರೆ, ಅದಕ್ಕೆ ರಾತ್ರಿ ಗಾಡಿ ನಿಲ್ಲಿಸಿ ಉಳಿಯುವ ಕ್ಯಾಂಪಿಂಗ್ ಜಾಗಗಳ ಬುಕಿಂಗ್ ಕಾಗದ ಕೊಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಕೊಡುವ ಪ್ರವಾಸ ವಿಮೆ ಕಡ್ಡಾಯ.

ನಮ್ಮ ಲೈಸೆನ್ಸ್‌ನಲ್ಲಿ ಅಷ್ಟು ದೊಡ್ಡ ಗಾಡಿ ಓಡಿಸಲು ಬಿಡುತ್ತಾರಾ? – ಶಿವಮೊಗ್ಗ

3,500 ಕಿಲೋವರೆಗೆ ಬಿಡುತ್ತಾರೆ. ನಮ್ಮ ಎಲ್‌ಎಂವಿ ಲೈಸೆನ್ಸ್ 7,500 ಕಿಲೋವರೆಗೆ ನಡೆಯುತ್ತದೆ ಅಂತ ಧೈರ್ಯ ಮಾಡಬೇಡಿ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ನ ಬಿ ವರ್ಗ ನಿಲ್ಲುವುದು 3,500ಕ್ಕೆ. ಆ ಪರ್ಮಿಟ್ ನಿಮ್ಮ ಆರ್‌ಟಿಒನಲ್ಲೇ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಕೂಡ ಜೊತೆಗಿರಬೇಕು. ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರನ್ನೂ ಬಾಡಿಗೆ ಕರಾರಿನಲ್ಲಿ ಬರೆಸಿ. ಬರೆಸದೆ ಓಡಿಸಿ ಏನಾದರೂ ತಾಗಿದರೆ ವಿಮೆಯವರು ಕೈ ಎತ್ತುತ್ತಾರೆ.

3,500 ಅನ್ನುವುದು ಖಾಲಿ ಗಾಡಿಯ ತೂಕವಲ್ಲ. ನೀವಿಬ್ಬರು, ಸೂಟ್‌ಕೇಸ್, ಟ್ಯಾಂಕಿನ ನೂರು ಲೀಟರ್ ನೀರು, ಸೈಕಲ್, ಅಕ್ಕಿ ಚೀಲ ಎಲ್ಲ ಸೇರಿ. ಇಬ್ಬರಿಗೆ ಆರು ಮೀಟರ್ ಉದ್ದದ ವ್ಯಾನ್ ಮಾದರಿಯದ್ದು ಧಾರಾಳವಾಗಿ ಸಾಕು. ಏಳು ಮೀಟರ್ ದಾಟಿದರೆ ಇಟಲಿಯ ಹಳ್ಳಿ ರಸ್ತೆಗಳ ತಿರುವಿನಲ್ಲಿ ಜೀವ ಬಾಯಿಗೆ ಬರುತ್ತದೆ. ಆಟೊಮ್ಯಾಟಿಕ್ ಗೇರ್ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಅದನ್ನೇ ತಗೊಳ್ಳಿ. ಬಲಗಡೆ ಓಡಿಸುವ ರಸ್ತೆಯಲ್ಲಿ ಬಲಗೈಯಲ್ಲಿ ಗೇರ್ ಹಾಕುವುದು ಮೊದಲ ಎರಡು ದಿನ ತಲೆ ಕೆಡಿಸುತ್ತದೆ.

ಗಾಡಿಯಲ್ಲೇ ಊರೊಳಗೆ ಹೋಗಿ, ಒಂದೊಂದು ಕಡೆ ನಿಲ್ಲಿಸಿ ನೋಡಿಕೊಂಡು ಬಂದರೆ ಆಗುವುದಿಲ್ವಾ? ಬಸ್ಸು, ರೈಲು ಅಂತ ಯಾಕೆ ಅಲೆಯಬೇಕು? – ಮಂಗಳೂರು

ದಯವಿಟ್ಟು ಬೇಡ. ಈ ಸಲದ ಎಲ್ಲ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ, ಮೋಟರ್‌ಹೋಮ್ ಇರುವುದು ಊರಿನ ಅಂಚಿನವರೆಗೆ ಹೋಗುವುದಕ್ಕೆ.

ಈ ಊರುಗಳ ಹಳೇ ಭಾಗ ಕಟ್ಟಿದ್ದು ಕುದುರೆ ಗಾಡಿಯ ಕಾಲದಲ್ಲಿ. ಎಷ್ಟೋ ನೆಲಮಾಳಿಗೆ ಪಾರ್ಕಿಂಗ್‌ಗಳ ಎತ್ತರ ಎರಡು ಮೀಟರ್ ಅಷ್ಟೇ, ನಿಮ್ಮ ಗಾಡಿ ಎರಡು ಮುಕ್ಕಾಲೋ ಮೂರೋ ಮೀಟರ್ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇಟಲಿಯ ಝಡ್‌ಟಿಎಲ್, ಅಂದರೆ ವಾಹನ ನಿರ್ಬಂಧಿತ ವಲಯ. ಬಿಳಿ ಫಲಕ, ಅದರಲ್ಲಿ ಕೆಂಪು ವೃತ್ತ, ಪಕ್ಕದಲ್ಲಿ ಕ್ಯಾಮೆರಾ. ಅಲ್ಲಿ ಪೊಲೀಸ್ ಇರುವುದಿಲ್ಲ, ಯಾರೂ ತಡೆಯುವುದಿಲ್ಲ. 'ವಾರ್ಕೊ ಅತ್ತೀವೊ' ಅಂತ ದೀಪದ ಅಕ್ಷರ ಬಂದರೆ ನಮಗೆ ಪ್ರವೇಶವಿದೆ ಅಂತ ಅನಿಸುತ್ತದೆ. ಅರ್ಥ ಉಲ್ಟಾ, ಕ್ಯಾಮೆರಾ ಈಗ ಕೆಲಸ ಮಾಡುತ್ತಿದೆ ಅಂತ. ನಮ್ಮ ಮೊದಲ ಪ್ರವಾಸದಲ್ಲಿ ಒಂದು ಊರಿನಲ್ಲಿ ಫೋನ್ ಹೇಳಿದ ಹಾಗೆ ಎಡಕ್ಕೆ ತಿರುಗಿದೆವು. ಎರಡೇ ನಿಮಿಷ ಒಳಗಿದ್ದೆವು. ಐದು ತಿಂಗಳಾದ ಮೇಲೆ ಮನೆಗೆ ದಂಡದ ಕಾಗದ ಬಂತು. ಬಾಡಿಗೆ ಕೊಟ್ಟವರು ನಮ್ಮ ವಿಳಾಸ ಕೊಟ್ಟಿದ್ದಕ್ಕೆ ಅಂತ ತಮ್ಮ ಶುಲ್ಕ ಬೇರೆ ಮುರಿದುಕೊಂಡರು. ಆ ಕಾಗದ ನೋಡಿದಾಗ ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು, ಆ ಎರಡು ನಿಮಿಷದಲ್ಲಿ ನಾವು ಊರಿನ ಒಂದು ಗೋಡೆಯನ್ನೂ ಸರಿಯಾಗಿ ನೋಡಿರಲಿಲ್ಲವಲ್ಲ ಅಂತ.

ಈಗ ಒಂದೊಂದು ಊರಿಗೆ ಹೇಗೆ ಹೋಗಬೇಕು ಅಂತ ಹೇಳುತ್ತೇನೆ.

ಮ್ಯೂನಿಕ್‌ನಲ್ಲಿ ಈಸಾರ್ ನದಿ ಪಕ್ಕ, ಮೃಗಾಲಯದ ಹತ್ತಿರ, ತಾಲ್‌ಕಿರ್ಖೆನ್ ಅನ್ನುವಲ್ಲಿ ಕ್ಯಾಂಪಿಂಗ್ ಇದೆ. ಅಲ್ಲಿಂದ ಯು3 ಮೆಟ್ರೊ ಹಿಡಿದರೆ ನೇರ ಮರಿಯೆನ್‌ಪ್ಲಾಟ್ಸ್ ಚೌಕ. ಬೆಳಗ್ಗೆ 11ಕ್ಕೋ 12ಕ್ಕೋ ಅಲ್ಲಿರಿ. ಪುರಭವನದ ಗೋಪುರದಲ್ಲಿ ಗಂಟೆಗಳು ಬಾರಿಸಿ ಬೊಂಬೆಗಳು ಸುತ್ತುತ್ತವೆ. ಆಮೇಲೆ ಪಕ್ಕದ ವಿಕ್ಟುವಾಲಿಯೆನ್ ಮಾರ್ಕೆಟ್‌ಗೆ ನಡೆಯಿರಿ, ಜೂನ್‌ನಲ್ಲಿ ಚೆರ್ರಿ ರಾಶಿ ಹಾಕಿರುತ್ತಾರೆ.

ಸಾಲ್ಸ್‌ಬರ್ಗ್‌ನಲ್ಲಿ ಊರಿನ ಉತ್ತರ ಭಾಗದ ಕ್ಯಾಂಪಿಂಗ್‌ಗಳಿಂದ ಬಸ್ಸು ಸಿಗುತ್ತದೆ. ಊರೊಳಗೆ ಮೇಲಿನ ತಂತಿಯಿಂದ ಕರೆಂಟ್ ತಗೊಂಡು ಓಡುವ ಟ್ರಾಲಿ ಬಸ್ಸುಗಳಿವೆ, ಸದ್ದೇ ಇಲ್ಲ. ಸಾಲ್ಸ್‌ಬರ್ಗ್ ಕಾರ್ಡ್ ತಗೊಂಡರೆ ಬಸ್ಸು, ಕೋಟೆ, ಕೋಟೆಗೆ ಹತ್ತುವ ಹಗ್ಗದ ರೈಲು, ಮೊಜಾರ್ಟ್ ಹುಟ್ಟಿದ ಮನೆ ಎಲ್ಲ ಅದರಲ್ಲೇ. 1756ರಲ್ಲಿ ಮೊಜಾರ್ಟ್ ಹುಟ್ಟಿದ್ದು ಗೆಟ್ರೈಡೆಗಾಸೆ ಬೀದಿಯ 9ನೇ ನಂಬರಿನ ಹಳದಿ ಮನೆಯಲ್ಲಿ. ಕೋಟೆ ಕಟ್ಟಲು ಶುರು ಮಾಡಿದ್ದು 1077ರಲ್ಲಿ. ಮಳೆ ಬಂದೇ ಬರುತ್ತದೆ, ಕೊಡೆ ಇಟ್ಟುಕೊಳ್ಳಿ. ಅಲ್ಲಿನ ಜನ ಅದನ್ನು 'ಶ್ನ್ಯೂರ್ಲ್‌ರೇಗನ್' ಅನ್ನುತ್ತಾರೆ, ದಾರದ ಮಳೆ. ದಾರ ಇಳಿಬಿಟ್ಟ ಹಾಗೆ ಸಣ್ಣಗೆ, ನೆಟ್ಟಗೆ, ಬಿಡದೆ ಸುರಿಯುತ್ತದೆ. ನಾನು ತೀರ್ಥಹಳ್ಳಿ ಕಡೆಯವಳು. ಆವತ್ತು ರಾತ್ರಿ ಗಾಡಿಯ ಛಾವಣಿ ಮೇಲೆ ಆ ಮಳೆ ಕೇಳುತ್ತಾ ಮಲಗಿದಾಗ ಅಜ್ಜನ ಮನೆಯ ಅಟ್ಟದಲ್ಲೇ ಇದ್ದೇನೆ ಅನ್ನಿಸಿತು.

ವೆನಿಸ್‌ಗೆ ಎರಡು ದಾರಿ. ಫುಸೀನಾದಲ್ಲಿ ಉಳಿದರೆ ಕ್ಯಾಂಪಿಂಗ್ ಪಕ್ಕದಿಂದಲೇ ದೋಣಿ, ಝಾತ್ತೆರೆ ಕಟ್ಟೆಗೆ ಇಳಿಸುತ್ತದೆ. ಸೊಳ್ಳೆ ವಿಪರೀತ, ಸಂಜೆ ಕಿಟಕಿಯ ಜಾಲರಿ ಎಳೆದುಬಿಡಿ. ಇನ್ನೊಂದು ಪುಂತಾ ಸಬ್ಬಿಯೋನಿ. ಅಲ್ಲಿಂದ ನೀರಿನ ಬಸ್ಸು ಲೀದೊ ದ್ವೀಪ ಮುಟ್ಟಿ ಸಾನ್ ಮಾರ್ಕೊ ಚೌಕದ ಪಕ್ಕಕ್ಕೆ ಬಿಡುತ್ತದೆ. ನಾನಾದರೆ ಇದನ್ನೇ ಆರಿಸುತ್ತೇನೆ. ಮೊದಲು ನೀರಿನ ಅಂಚಿನಲ್ಲಿ ಒಂದು ಗೆರೆ, ಆಮೇಲೆ ಗಂಟೆ ಗೋಪುರ, ಆಮೇಲೆ ಗುಮ್ಮಟಗಳು, ಹೀಗೆ ಊರು ನಿಧಾನಕ್ಕೆ ಮೇಲೆದ್ದು ಬರುತ್ತದೆ. ಆ ಗೋಪುರ 1902ರಲ್ಲಿ ಪೂರ್ತಿ ಕುಸಿದು ಬಿದ್ದಿತ್ತು, ಇದ್ದ ಹಾಗೆಯೇ ಮತ್ತೆ ಕಟ್ಟಿ 1912ರಲ್ಲಿ ಮುಗಿಸಿದರು. ಕೆಲವು ನಿಗದಿತ ದಿನಗಳಲ್ಲಿ ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ವೆನಿಸ್ 2024ರಿಂದ ಪ್ರವೇಶ ಶುಲ್ಕ ಹಾಕುತ್ತಿದೆ. ವೆನಿಸ್ ಪುರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ಉಳಿಯುವವರಿಗೆ ಶುಲ್ಕ ಇಲ್ಲ. ಫುಸೀನಾ ಅದರೊಳಗೆ ಬರುತ್ತದೆ, ಪುಂತಾ ಸಬ್ಬಿಯೋನಿ ಬೇರೆ ಪುರಸಭೆ. ಹೊರಡುವ ಮುಂಚೆ ನಿಮ್ಮ ದಿನಾಂಕ ಆ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ.

ವೆರೋನಾಕ್ಕೆ ಗಾರ್ಡಾ ದಂಡೆಯ ಪೆಸ್ಕಿಯೇರಾದಿಂದ ರೈಲಿದೆ, ಕಾಲು ಗಂಟೆಯ ದಾರಿ. ಅಲ್ಲಿನ ಅರೀನಾ, ಅಂದರೆ ಕಲ್ಲಿನ ಬಯಲು ರಂಗಮಂದಿರ, ರೋಮನ್ನರು ಕ್ರಿ.ಶ. 1ನೇ ಶತಮಾನದಲ್ಲಿ ಕಟ್ಟಿದ್ದು, ರೋಮ್‌ನ ಕೊಲೋಸಿಯಂಗಿಂತ ಹಳೆಯದು. 1913ರಿಂದ ಬೇಸಿಗೆಯ ರಾತ್ರಿಗಳಲ್ಲಿ ಅದರೊಳಗೆ ಒಪೆರಾ ಆಡುತ್ತಾರೆ. ಮೇಲಿನ ಸಾಲಿನ ಟಿಕೆಟ್ ಅಗ್ಗ. ಕೂರುವುದು ಹಗಲಿಡೀ ಕಾದ ಕಲ್ಲಿನ ಮೇಲೆ, ರಾತ್ರಿ ಒಂಬತ್ತಾದರೂ ಬಿಸಿ ಇರುತ್ತದೆ, ಒಂದು ದಿಂಬು ತಗೊಂಡು ಹೋಗಿ. ಆದರೆ ಆಟ ಮುಗಿಯುವಾಗ ಮಧ್ಯರಾತ್ರಿ ದಾಟುತ್ತದೆ, ಆ ಹೊತ್ತಿಗೆ ರೈಲು ನೆಚ್ಚಿಕೊಳ್ಳುವ ಹಾಗಿಲ್ಲ. ಒಪೆರಾ ನೋಡುವ ದಿನ ಮಾತ್ರ ಗಾಡಿಯನ್ನು ವೆರೋನಾದ ಪೋರ್ತಾ ಪಾಲಿಯೊ ಹತ್ತಿರದ ಮೋಟರ್‌ಹೋಮ್ ನಿಲ್ದಾಣದಲ್ಲಿ ನಿಲ್ಲಿಸಿ. ಅಲ್ಲಿಂದ ಅರೀನಾಗೆ ನಡೆದೇ ಹೋಗಬಹುದು.

ಹೆದ್ದಾರಿ ಟೋಲ್ ಹೇಗೆ? – ತುಮಕೂರು

ಜರ್ಮನಿಯಲ್ಲಿ ಈ ಅಳತೆಯ ಗಾಡಿಗೆ ಟೋಲ್ ಇಲ್ಲ. ಆಸ್ಟ್ರಿಯಾದಲ್ಲಿ ವಿನ್ಯೆಟ್ ಬೇಕು, ಅಂದರೆ ಇಷ್ಟು ದಿನಕ್ಕೆ ಅಂತ ಮೊದಲೇ ದುಡ್ಡು ಕೊಟ್ಟು ಪಡೆಯುವ ಹೆದ್ದಾರಿ ಪಾಸ್. ಹತ್ತು ದಿನದ್ದು, ಎರಡು ತಿಂಗಳದ್ದು ಸಿಗುತ್ತದೆ. ಗಡಿ ದಾಟುವ ಮುಂಚೆ ಪೆಟ್ರೋಲ್ ಬಂಕಿನಲ್ಲಿ ತಗೊಳ್ಳಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆಸ್ಟ್ರಿಯಾ ಸಿಗುವುದರಿಂದ ಹತ್ತು ದಿನ ಮೀರುತ್ತದಾ ಅಂತ ಎಣಿಸಿ. ತೌವರ್ನ್ ಸುರಂಗದ ದಾರಿಗೂ ಬ್ರೆನರ್ ಘಾಟಿಗೂ ವಿನ್ಯೆಟ್ ಸಾಲದು, ಅಲ್ಲಿ ಬೇರೆ ಕಟ್ಟಬೇಕು. ಇಟಲಿಯಲ್ಲಿ ನಮ್ಮಲ್ಲಿನ ಹಾಗೇ ಗೇಟು, ಚೀಟಿ ತಗೊಂಡು ಇಳಿಯುವಾಗ ದುಡ್ಡು.

ನಮಗೆ ದಿನಾ ಅನ್ನ, ಸಾರು, ರೊಟ್ಟಿ ಬೇಕೇ ಬೇಕು. ಗಾಡಿಯಲ್ಲಿ ಅಡುಗೆ ಆಗುತ್ತದಾ? ಏನೇನು ಕಟ್ಟಿಕೊಂಡು ಹೋಗಬೇಕು? – ಧಾರವಾಡ

ಚೆನ್ನಾಗಿ ಆಗುತ್ತದೆ ಅಕ್ಕ. ಆದರೆ ಮೊದಲು ಏನು ತರಬಾರದು ಅಂತ ಕೇಳಿ. ಭಾರತದಿಂದ ಹಾಲಿನ ಪದಾರ್ಥ ಯಾವುದನ್ನೂ ಯುರೋಪಿಗೆ ಒಯ್ಯುವ ಹಾಗಿಲ್ಲ. ತುಪ್ಪ ಇಲ್ಲ, ಪೇಡೆ ಇಲ್ಲ. ಧಾರವಾಡದವರಿಗೆ ಈ ಮಾತು ಹೇಳಲು ನನಗೂ ಕಷ್ಟವೇ. ಹಸಿ ಕರಿಬೇವೂ ಬೇಡ. ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಅವಲಕ್ಕಿ, ಕಟಕ ರೊಟ್ಟಿ ತಗೊಂಡು ಹೋಗಿ. ಕಟಕ ರೊಟ್ಟಿಯಂಥ ಪ್ರವಾಸದ ಊಟ ಇನ್ನೊಂದಿಲ್ಲ, ಕೆಡುವುದಿಲ್ಲ, ಭಾರ ಇಲ್ಲ. ಅಕ್ಕಿ, ಬೇಳೆ ಮ್ಯೂನಿಕ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಮುಗಿಸಿಕೊಳ್ಳಿ.

ಒಲೆ ಗ್ಯಾಸಿನದು, ಎರಡು ಬರ್ನರ್, ಸಣ್ಣ ಉರಿ. ಮೂರು ಲೀಟರ್ ಕುಕ್ಕರ್ ಸರಿ ಹೋಗುತ್ತದೆ. ಒಗ್ಗರಣೆ ಹಾಕುವಾಗ ಛಾವಣಿಯ ಗಾಳಿಗಿಂಡಿ ತೆಗೆಯಿರಿ. ಸಾಸಿವೆ ಸಿಡಿದರೆ ಪಕ್ಕದಲ್ಲೇ ಹಾಸಿಗೆ ಇರುತ್ತದೆ, ಹೊಗೆಗೆ ಅಲಾರಂ ಕೂಡ ಕೂಗುತ್ತದೆ. ಮಿಕ್ಸಿ ಓಡುತ್ತದಾ ಅಂತ ಕೇಳಿದ್ದೀರಿ. ಕ್ಯಾಂಪಿಂಗ್‌ನಲ್ಲಿ ಕರೆಂಟ್ ಕೊಡುವ ಕಂಬದ ಮೇಲೆ ಎಷ್ಟು ಆಂಪ್ ಅಂತ ಬರೆದಿರುತ್ತದೆ, ಅದನ್ನು ನೋಡಿ. 6 ಆಂಪ್ ಅಂದರೆ 1,380 ವ್ಯಾಟ್ ಅಷ್ಟೇ. 750 ವ್ಯಾಟ್ ಮಿಕ್ಸಿ ಓಡುತ್ತದೆ, 2,000 ವ್ಯಾಟ್ ನೀರು ಕಾಯಿಸುವ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಸಿಂಕಿನ ನೀರು ಗಾಡಿಯ ಕೆಳಗಿನ ಟ್ಯಾಂಕಿನಲ್ಲೇ ಉಳಿಯುತ್ತದೆ. ನಮ್ಮ ಸಾರು, ಬೇಳೆ ತೊಳೆದ ನೀರು ಅದರಲ್ಲಿ ಎರಡು ದಿನ ಬಿಸಿಲಿಗೆ ಕೂತರೆ ಸಿಂಕಿನಿಂದ ಹುಳಿ ವಾಸನೆ ಮೇಲೆ ಬರುತ್ತದೆ. ತಟ್ಟೆಯನ್ನು ಮೊದಲು ಕಾಗದದಲ್ಲಿ ಚೆನ್ನಾಗಿ ಒರೆಸಿ ಆಮೇಲೆ ತೊಳೆಯಿರಿ. ಆದಷ್ಟು ಕ್ಯಾಂಪಿಂಗ್‌ನ ಪಾತ್ರೆ ತೊಳೆಯುವ ಕಟ್ಟೆಯಲ್ಲೇ ತೊಳೆಯಿರಿ.

ಕೇಳಲು ಮುಜುಗರ. ಶೌಚಾಲಯ ಹೇಗಿರುತ್ತದೆ? ಕ್ಲೀನ್ ಮಾಡುವವರು ಯಾರು? – ಹೆಸರು ಬೇಡ, ಮೈಸೂರು

ಮುಜುಗರ ಏನಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಬೇಕು. ಕ್ಲೀನ್ ಮಾಡುವುದು ನಾವೇ. ಗಾಡಿಯ ಹೊರಗೋಡೆಯಲ್ಲಿ ಒಂದು ಸಣ್ಣ ಬಾಗಿಲಿರುತ್ತದೆ. ಅದರೊಳಗೆ ಸೂಟ್‌ಕೇಸ್‌ನಷ್ಟು ದೊಡ್ಡ ಮುಚ್ಚಿದ ಪೆಟ್ಟಿಗೆ. ಅದನ್ನು ಎಳೆದು, ಚಕ್ರದ ಮೇಲೆ ಉರುಳಿಸಿಕೊಂಡು ಹೋಗಿ, ಕ್ಯಾಂಪಿಂಗ್‌ನಲ್ಲಿ ಅದಕ್ಕೇ ಅಂತ ಇರುವ ಗುಂಡಿಗೆ ಸುರಿದು, ತೊಳೆದು, ಔಷಧಿ ದ್ರವ ಹಾಕಿ ವಾಪಸ್ ತಳ್ಳಬೇಕು. ಐದು ನಿಮಿಷದ ಕೆಲಸ. ಇಬ್ಬರಿಗೆ ಎರಡು ದಿನಕ್ಕೊಮ್ಮೆ. ತುಂಬುವವರೆಗೆ ಕಾಯಬೇಡಿ, ಭಾರ ಆಗುತ್ತದೆ, ತುಳುಕುತ್ತದೆ. ಹಗಲು ಕ್ಯಾಂಪಿಂಗ್‌ನ ಶೌಚಾಲಯ ಬಳಸಿ, ಅವು ತುಂಬಾ ಚೊಕ್ಕಟ ಇರುತ್ತವೆ. ಸ್ನಾನಕ್ಕೂ ಅಲ್ಲಿಗೇ ಹೋಗಿ. ಒಂದು ಚೊಂಬು ಮಾತ್ರ ಊರಿಂದಲೇ ಒಯ್ಯಿರಿ.

ಕ್ಯಾಂಪಿಂಗ್ ಬಾಡಿಗೆ ಉಳಿಸಲು ರಸ್ತೆ ಬದಿಯಲ್ಲೇ ಮಲಗಬಹುದಾ? – ಹಾಸನ

ಜರ್ಮನಿಯಲ್ಲಿ ದಣಿವಾದಾಗ ಪಾರ್ಕಿಂಗ್ ಇರುವ ಕಡೆ ಒಂದು ರಾತ್ರಿ ಗಾಡಿಯೊಳಗೆ ಮಲಗಿ ಮುಂದೆ ಹೋಗಬಹುದು. ಇಟಲಿಯಲ್ಲಿ ಪಾರ್ಕಿಂಗ್‌ಗೆ ಅವಕಾಶ ಇರುವಲ್ಲಿ ಗಾಡಿ ನಿಂತಿದ್ದರೆ ಒಳಗೆ ಮಲಗಲು ತೊಂದರೆ ಇಲ್ಲ, ಆದರೆ ನೆಲಕ್ಕೆ ಚಕ್ರ ಬಿಟ್ಟು ಇನ್ನೇನೂ ತಾಗಬಾರದು. ಕುರ್ಚಿ ಹಾಕಿದಿರೋ, ನೆರಳಿನ ಬಟ್ಟೆ ಬಿಚ್ಚಿದಿರೋ ಅದು ಕ್ಯಾಂಪಿಂಗ್ ಆಯಿತು, ದಂಡ. ಊರೂರಿಗೂ ಫಲಕ ಬೇರೆ ಇರುತ್ತದೆ. ಜರ್ಮನಿಯಲ್ಲಿ 'ಶ್ಟೆಲ್‌ಪ್ಲಾಟ್ಸ್', ಇಟಲಿಯಲ್ಲಿ 'ಆರೆಯಾ ದಿ ಸೋಸ್ತಾ' ಅಂತ ಮೋಟರ್‌ಹೋಮ್‌ಗಳಿಗೇ ಇರುವ ಸರಳ ನಿಲ್ದಾಣಗಳಿವೆ. ಕ್ಯಾಂಪಿಂಗ್‌ಗಿಂತ ಅಗ್ಗ. ಹೊಸಬರು ಇದನ್ನೇ ಹುಡುಕಿ. ಭಾಷೆ ಬಾರದ ಊರಿನಲ್ಲಿ ರಾತ್ರಿ ಹನ್ನೆರಡಕ್ಕೆ ಕಿಟಕಿ ಬಡಿದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ನನಗೆ ಗೊತ್ತು.

ಇನ್ನು ಜರ್ಮನಿ, ಆಸ್ಟ್ರಿಯಾದ ಬಹಳಷ್ಟು ಕ್ಯಾಂಪಿಂಗ್‌ಗಳಲ್ಲಿ ಮಧ್ಯಾಹ್ನ 1ರಿಂದ 3 ವಿಶ್ರಾಂತಿ ಹೊತ್ತು, ಗೇಟ್ ಹಾಕಿರುತ್ತಾರೆ. ರಾತ್ರಿ 10ಕ್ಕೂ ಹಾಗೇ. ಆ ಹೊತ್ತು ತಪ್ಪಿಸಿ ತಲುಪಿ.

ನಮಗೆ ಮದುವೆಯಾಗಿ ಎಂಟು ತಿಂಗಳು. ಅಷ್ಟು ಸಣ್ಣ ಜಾಗದಲ್ಲಿ ಎರಡು ವಾರ ಇಬ್ಬರೇ ಇದ್ದರೆ ಜಗಳ ಆಗುವುದಿಲ್ವಾ? – ಸ್ಟುಟ್‌ಗಾರ್ಟ್‌ನ ಕನ್ನಡತಿ

ಆಗುತ್ತದೆ. ಹೆಚ್ಚಾಗಿ ಗಾಡಿ ಹಿಂದಕ್ಕೆ ತೆಗೆಯುವಾಗ ಆಗುತ್ತದೆ. ಒಬ್ಬರು ಹಿಂದೆ ನಿಂತು 'ಬಾ ಬಾ' ಅನ್ನುತ್ತಾರೆ, ಓಡಿಸುವವರಿಗೆ ಅದು ಕೇಳುವುದಿಲ್ಲ, ಕಂಬ ಹತ್ತಿರ ಬರುತ್ತದೆ, ಇಬ್ಬರೂ ಕೂಗುತ್ತಾರೆ. ನಾವು ಮಾಡಿಕೊಂಡ ಉಪಾಯ, ಹಿಂದೆ ನಿಲ್ಲುವವರು ಫೋನ್ ಕರೆಯಲ್ಲೇ ಮಾತಾಡುವುದು, ಮತ್ತು ಕನ್ನಡಿಯಲ್ಲಿ ಅವರು ಕಾಣದಿದ್ದರೆ ಓಡಿಸುವವರು ಆ ಕ್ಷಣ ಬ್ರೇಕ್ ಹಾಕುವುದು. ಅಂದಿನಿಂದ ಕೂಗಾಟ ನಿಂತಿದೆ.

ಕೆಲಸ ಮೊದಲೇ ಹಂಚಿಕೊಳ್ಳಿ, ನೀರು-ಕರೆಂಟ್ ಒಬ್ಬರದು, ಒಳಗಿನದು ಇನ್ನೊಬ್ಬರದು, ಮಧ್ಯದಲ್ಲಿ ಒಮ್ಮೆ ಅದಲು ಬದಲು. ಮತ್ತೆ, ಪ್ರತಿ ಊರಿನಲ್ಲೂ ಒಂದು ಮಧ್ಯಾಹ್ನ ಬೇರೆ ಬೇರೆ ಹೋಗಿ. ನಮ್ಮವರು ಮ್ಯೂನಿಕ್‌ನಲ್ಲಿ ಡಾಯ್ಚಸ್ ಮ್ಯೂಸಿಯಂಗೆ ಹೋಗಿ ಯಂತ್ರಗಳ ಮುಂದೆ ನಾಲ್ಕು ಗಂಟೆ ನಿಂತರು. ನಾನು ಈಸಾರ್ ನದಿಯ ಕಲ್ಲಿನ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ರಾತ್ರಿ ಊಟಕ್ಕೆ ಕೂತಾಗ ಇಬ್ಬರಿಗೂ ಹೇಳಲು ಬೇಕಾದಷ್ಟು ಇತ್ತು.

ಖರ್ಚು ಎಷ್ಟು? ಯಾವ ತಿಂಗಳು ಒಳ್ಳೆಯದು? – ಉಡುಪಿ, ದಾವಣಗೆರೆ, ಮತ್ತೆ ಇನ್ನೂ ಕೆಲವರು

ಡೀಸೆಲ್ ಲೆಕ್ಕ ಸುಲಭ, ನೂರು ಕಿಲೋಮೀಟರಿಗೆ ಸುಮಾರು ಹತ್ತು ಲೀಟರ್. ಈ ದಾರಿ ಎಲ್ಲ ಸೇರಿ ಸುಮಾರು 1,200 ಕಿಲೋಮೀಟರ್, 120 ಲೀಟರ್ ಹಿಡಿಯಿರಿ. ಗಾಡಿ ಬಾಡಿಗೆ ಮಾತ್ರ ತಿಂಗಳ ಮೇಲೆ ನಿಂತಿದೆ, ಜುಲೈ-ಆಗಸ್ಟ್‌ನಲ್ಲಿ ಏರುತ್ತದೆ. ಠೇವಣಿ ಅಂತ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಡುತ್ತಾರೆ, ಕಾರ್ಡಿನ ಮಿತಿ ನೋಡಿಕೊಳ್ಳಿ. ಗಾಡಿ ಪಡೆಯುವಾಗ ಪ್ರತಿ ಗೀರನ್ನೂ ವಿಡಿಯೊ ಮಾಡಿ, ಛಾವಣಿಯನ್ನೂ ಸೇರಿಸಿ.

ತಿಂಗಳು ಅಂದರೆ ಜೂನ್ ಅಥವಾ ಸೆಪ್ಟೆಂಬರ್. ಆಗಸ್ಟ್ 15ರ ಸುತ್ತ ಇಡೀ ಇಟಲಿ ರಜೆಯಲ್ಲಿರುತ್ತದೆ, ಜಾಗ ಸಿಗುವುದಿಲ್ಲ, ಬಿಸಿಲಿಗೆ ಗಾಡಿ ಒಲೆಯಾಗುತ್ತದೆ. ಡ್ಯಾಶ್‌ಬೋರ್ಡಿನ ಎಸಿ ಎಂಜಿನ್ ಓಡುವಾಗ ಮಾತ್ರ. ಜೂನ್‌ನಲ್ಲಿ ಮ್ಯೂನಿಕ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ.

ನನಗೆ ಮಂಡಿ ನೋವು. ನಮ್ಮವರು ಹೋಗೋಣ ಅಂತ ಹಟ ಹಿಡಿದಿದ್ದಾರೆ. ನನ್ನಿಂದ ಆಗುತ್ತದಾ? – ಸಾಗರ

ಆಗುತ್ತದೆ, ಹೋಗಿ. ಗಾಡಿ ಬುಕ್ ಮಾಡುವಾಗ ಏಣಿ ಹತ್ತುವ ಮಂಚ ಬೇಡ, ಕೆಳಗೇ ಇರುವ ಮಂಚ ಬೇಕು ಅಂತ ಕೇಳಿ. ಬಾಗಿಲಿಗೆ ಮಡಚುವ ಮೆಟ್ಟಿಲು ಇರುತ್ತದೆ, ಇನ್ನೊಂದು ಪ್ಲಾಸ್ಟಿಕ್ ಮಣೆ ಇಟ್ಟುಕೊಳ್ಳಿ. ಸಾಲ್ಸ್‌ಬರ್ಗ್ ಕೋಟೆಗೆ ಹಗ್ಗದ ರೈಲಿದೆ, ಸಾನ್ ಮಾರ್ಕೊ ಗೋಪುರಕ್ಕೆ ಲಿಫ್ಟ್ ಇದೆ. ಕಷ್ಟ ಅಂದರೆ ವೆನಿಸ್‌ನ ಸೇತುವೆಗಳು, ನಾನೂರಕ್ಕೂ ಹೆಚ್ಚು, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ನೀವು ಅಲ್ಲಿ ನಡೆಯಲು ಹೋಗಬೇಡಿ. 24 ಗಂಟೆಯ ಪಾಸ್ ತಗೊಂಡು ನೀರಿನ ಬಸ್ಸಿನ 1ನೇ ನಂಬರ್ ಹತ್ತಿ. ಅದು ದೊಡ್ಡ ಕಾಲುವೆಯ ಉದ್ದಕ್ಕೂ ನಿಲ್ದಾಣ ನಿಲ್ದಾಣಕ್ಕೆ ನಿಲ್ಲುತ್ತಾ ನಿಧಾನ ಹೋಗುತ್ತದೆ. ಪಿಯಾತ್ಸಾಲೆ ರೋಮಾದಲ್ಲಿ, ಅದು ಹೊರಡುವ ಜಾಗದಲ್ಲೇ ಹತ್ತಿದರೆ ಕೂರಲು ಸೀಟು ಸಿಗುತ್ತದೆ. ಸಂಜೆ ಏಳರ ಮೇಲೆ ಹೋಗಿ, ಆ ಹೊತ್ತಿಗೆ ಹಗಲಿನ ಜನ ಇಳಿದಿರುತ್ತಾರೆ, ಅರಮನೆಗಳ ಒಳಗಿನ ದೀಪ ಒಂದೊಂದಾಗಿ ಹತ್ತುತ್ತಿರುತ್ತವೆ, ನಿಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.